ಸ್ಟಾಪ್‌ವಾಚ್ ಹಿಡಿದ ಕೈ

ಬ್ಲೂಮ್‌ಫಾಂಟೇನ್
೧೮ ಜೂನ್ ೨೦೨೩, ಭಾನುವಾರ

ಪ್ರೀತಿಯ ಸೆಲ್ವಾನೆ,

ಚೆನ್ನಾಗಿದ್ದೀಯಾ? ಮಂಡಿ ಹೇಗಿದೆ? ಕ್ವಾಕ್ವಾದ ಬೆಟ್ಟಗಳ ಮೇಲೆ ಆಗಲೇ ಹಿಮ ಬಿದ್ದಿದೆ ಎಂದು ನಮ್ಮನೆಯಾಕೆ ಮಾಲೆಫು ಟೀವಿ ನೋಡಿ ಹೇಳಿದಳು. ಮೈದಾನಕ್ಕೆ ಹೋಗುವಾಗ ಕಂಬಳಿ ಹೊದ್ದುಕೊಂಡೇ ಹೋಗು. ನೀನು ಓಟ ಕಲಿಸುವ ಹುಡುಗಿಯರ ಮುಂದೆ ಜಂಬ ತೋರಿಸಲು ಬರೀ ಬನಿಯನ್ನಿನಲ್ಲಿ ನಿಲ್ಲಬೇಡ ಮಾರಾಯ್ತಿ, ನಮಗೂ ಐವತ್ತು ಹತ್ತಿರ ಬಂತು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ ನನ್ನನ್ನು ನೀನು ದಿನಾ ನೆನೆಸಿಕೊಂಡು ಬೈಯುತ್ತಿದ್ದೀಯ ಎಂಬುದು ನನ್ನ ಬಿಕ್ಕಳಿಕೆಯಿಂದಲೇ ಗೊತ್ತಾಗುತ್ತಿದೆ. ತಪ್ಪು ನನ್ನದೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದು ಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನನ್ನ ಒಂದು ಮಾತು ಮುಗಿಯುವುದರೊಳಗೆ ನಿನ್ನದು ಹತ್ತು ಆಗಿರುತ್ತದೆ. ಅದಕ್ಕೇ ಇದನ್ನು ನಿಮ್ಮೂರಿನ ಟ್ಯಾಕ್ಸಿ ಓಡಿಸುವವನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಫೋನ್ ಮಾಡು, ಮಧ್ಯದಲ್ಲಿ ಮಾಡಬೇಡ.

ಮೊಸಿಡಿಯ ವಿಷಯ ಓದಿ ತುಂಬಾ ಬೇಜಾರಾಯಿತು. ಹದಿನೇಳು ವರ್ಷದ ಹುಡುಗಿ ಎರಡೂ ಕಾಲು ಕಿತ್ತುಹೋಗುವ ಹಾಗೆ ಓಡಿ, ನಿನ್ನ ಓಟದ ಕೋಣೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುವ ನಿನ್ನ ಎರಡು ಸಾವಿರ ಮೀಟರಿನ ೯:೪೧ಕ್ಕಿಂತ ಮೂರೇ ಸೆಕೆಂಡು ಹಿಂದೆ ಬಿದ್ದು, ಊಟ ಬಿಟ್ಟು ಅತ್ತಳೆಂದರೆ! ‘ಇನ್ನು ಬರಲ್ಲ, ಆ ಗೋಡೆ ದಾಟೋದು ನನ್ನ ಹಣೇಲಿ ಬರೆದಿಲ್ಲ’ ಎಂದು ಬೂಟು ವಾಪಸು ಕೊಟ್ಟು ಹೋದಳು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ‘ನನ್ನ ಸ್ಟಾಪ್‌ವಾಚೇ ಕೆಟ್ಟಿರಬೇಕು, ಒಂದು ಒಳ್ಳೆಯದು ಕಳಿಸು’ ಎಂದು ಕೇಳಿದ್ದೀಯ. ವಾಚಿನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಇಲ್ಲಿ ನಡೆದದ್ದನ್ನು ಕೇಳು, ಯಾಕೆಂದರೆ ಅದನ್ನು ಕೇಳದೆ ಆ ಉತ್ತರ ನಿನಗೆ ಅರ್ಥವಾಗುವುದಿಲ್ಲ.

ನಮ್ಮ ಪಾಳ್ಯದಲ್ಲಿ ತೇಬೆ ಎಂಬ ಲ್ಯಾನ್ಸ್ ಕಾರ್ಪೊರಲ್ ಇದ್ದಾನೆ. ಇಪ್ಪತ್ತೆಂಟು ವರ್ಷ, ಬೊಟ್ಷಬೆಲೊ ಕಡೆಯವನು, ಅಜ್ಜಿ ಸಾಕಿದ ಹುಡುಗ. ಏಳು ವರ್ಷದ ಹಿಂದೆ ಸೈನ್ಯಕ್ಕೆ ಸೇರಿದಾಗ ಹೆಂಗಸರ ಸಾಲಿನಲ್ಲಿ ನಿಂತಿದ್ದ. ಆಗ ಕಡತದಲ್ಲಿ ಬೇರೆ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನಿಗೆ ಬೇಡ. ತೇಬೆ ಎಂದರೆ ಗುರಾಣಿ ತಾನೆ, ಆ ಹೆಸರು ಅವನೇ ಇಟ್ಟುಕೊಂಡದ್ದು. ಅಜ್ಜಿಗೆ ಹೇಳಿದಾಗ ಅವಳು, “ಹೆಸರೇನೋ ಇಟ್ಕೊಂಡೆ, ಇನ್ಮೇಲೆ ಬಟ್ಟೆ ಒಗೆಯೋದು ತಪ್ಪುತ್ತೆ ಅಂದ್ಕೋಬೇಡ” ಎಂದಳಂತೆ.

ಸೇರಿದ ಮೊದಲ ದಿನದಿಂದಲೂ ನನಗೆ ಈ ಹುಡುಗನ ಮೇಲೆ ಕಣ್ಣಿತ್ತು. ಆಗ ಹೆಂಗಸರು ದಂಡ ಹೊಡೆಯುವಾಗ ಮಂಡಿ ನೆಲಕ್ಕೆ ಊರಬಹುದಿತ್ತಲ್ಲ, ಇವನು ಒಂದು ದಿನವೂ ಊರಲಿಲ್ಲ. “ಮಂಡಿ ಊರೋದಕ್ಕೆ ಅವಕಾಶ ಇದೆಯಲ್ಲ?” ಎಂದರೆ, “ಇದೆ ಸಾರ್ಜೆಂಟ್ ಮೇಜರ್, ನನ್ನ ಮಂಡಿಗೆ ಅದು ಗೊತ್ತಿಲ್ಲ” ಎಂದು ಉಸಿರುಗಟ್ಟಿಕೊಂಡೇ ಉತ್ತರ ಕೊಟ್ಟ. ಓಟದಲ್ಲಿ ಆ ಪಟ್ಟಿಯಲ್ಲಿ ಯಾವಾಗಲೂ ಮೊದಲು. ನಾನು ಭೇಷ್ ಎನ್ನುತ್ತಿದ್ದೆ, ಅವನು ಮುಖ ಸಿಂಡರಿಸುತ್ತಿದ್ದ. ಹೊಗಳಿದರೆ ಯಾಕಪ್ಪಾ ಈ ಮುಖ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಒಂದು ವಿಷಯ ತಲೆಗೆ ಹೊಕ್ಕರೆ ಕೆರೆದು ಕೆರೆದು ಕೇಳದೆ ಸುಮ್ಮನಿರಲಾರೆ. ಅವನು ವೈದ್ಯರ ಹತ್ತಿರ ಹೋಗಿ ಗಂಡಸರ ಹಾರ್ಮೋನಿನ ಸೂಜಿ ಶುರುಮಾಡಿದ ಮೇಲೆ ವ್ಯಾಯಾಮಶಾಲೆಗೆ ಬಂದಾಗಲೆಲ್ಲ ಕೂರಿಸಿಕೊಂಡು ಕೇಳುತ್ತಿದ್ದೆ. ದನಿ ಯಾವ ತಿಂಗಳು ಒಡೆಯಿತು? ಭುಜಕ್ಕೆ ಬಲ ಮೊದಲು ಬಂತಾ, ತೊಡೆಗಾ? ನಿದ್ದೆ ಹೇಗೆ? ಅವನು ಬೇಸರ ಮಾಡಿಕೊಳ್ಳದೆ ಹೇಳುತ್ತಿದ್ದ. ಡ್ಯೂಟಿಯಲ್ಲಿ ನಾನು ಅವನಿಗೆ ಸಾರ್ಜೆಂಟ್ ಮೇಜರ್, ವ್ಯಾಯಾಮಶಾಲೆಯೊಳಗೆ ನ್ತಾತೆ, ಮನೆಯ ಹಿರಿಯನನ್ನು ಕರೆದ ಹಾಗೆ.

“ಮೊದಲು ಬಂದಿದ್ದು ಹಸಿವು ನ್ತಾತೆ,” ಎಂದ ಒಂದು ದಿನ. “ಮೂರು ಮುದ್ದೆ ತಿಂದ್ರೂ ಇನ್ನೊಂದು ಬೇಕು. ಅಡುಗೆ ಮನೆಯೋರು ನನ್ನ ನೋಡಿದ್ರೆ ಪಾತ್ರೆ ಮುಚ್ಚಿಡ್ತಾರೆ. ಆಮೇಲೆ ದನಿ. ಮೀಸೆ ಮಾತ್ರ ಹನ್ನೆರಡು ಕೂದಲು, ಎಣಿಸಿದೀನಿ.”

“ಮತ್ತೆ ಓಟ?”

“ಓಟ ಸೂಜೀಲಿ ಬರಲ್ಲ. ಅದನ್ನ ಓಡೇ ತರ್ಬೇಕು.”

ಇಷ್ಟರಲ್ಲಿ ಜನವರಿಯಲ್ಲಿ ಅವನಿಗೆ ಎದೆಯ ಶಸ್ತ್ರಚಿಕಿತ್ಸೆ ಆಯಿತು. ಹತ್ತು ವಾರ ಓಡುವ ಹಾಗಿರಲಿಲ್ಲ, ಭಾರ ಎತ್ತುವ ಹಾಗಿರಲಿಲ್ಲ. ಮಾರ್ಚಿನಲ್ಲಿ ಮತ್ತೆ ಬೂಟು ಕಟ್ಟಿದ. ಅದೇ ಮಾರ್ಚಿನಲ್ಲಿ, ಎರಡೂವರೆ ವರ್ಷ ಕಾದಿದ್ದ ಹೊಸ ಗುರುತಿನ ಚೀಟಿ ಬಂತು.

ಈಗ ನಿನ್ನ ಗುರುತಿನ ಚೀಟಿ ತೆಗೆದು ಕೈಯಲ್ಲಿ ಹಿಡಿದುಕೋ ಸೆಲ್ವಾನೆ, ಒಂದು ಮಜಾ ತೋರಿಸುತ್ತೇನೆ. ಮೊದಲ ಆರು ಅಂಕಿ ನೀನು ಹುಟ್ಟಿದ ದಿನ. ಏಳನೆಯದನ್ನು ನೋಡು. ಸೊನ್ನೆಯಿಂದ ನಾಲ್ಕರೊಳಗಿದ್ದರೆ ಹೆಂಗಸು, ಐದರಿಂದ ಒಂಬತ್ತಾದರೆ ಗಂಡಸು. ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ, ನನಗೆ ಗೊತ್ತೇ ಇರಲಿಲ್ಲ! ತೇಬೆ ಹೇಳಿದ ದಿನ ನನ್ನದನ್ನು ತೆಗೆದು ನೋಡಿದರೆ ಏಳನೆಯದು ಐದು. ಕಷ್ಟಪಟ್ಟು ಗಂಡಸಾಗಿದ್ದೇನೆ, ಒಂದು ಅಂಕಿ ಕಮ್ಮಿಯಾಗಿದ್ದರೂ ಮಾಲೆಫುವಿಗೆ ಬೇರೆ ಗಂಡನನ್ನು ಹುಡುಕಬೇಕಾಗಿತ್ತು. ಊಟದ ಕೋಣೆಯಲ್ಲಿ ಎಲ್ಲರ ಚೀಟಿ ತೆಗೆಸಿ ನೋಡಿದೆ. ಹಾಗೆಂದು ಮಾಲೆಫುವಿಗೆ ಹೇಳಿದರೆ ಅವಳು, “ನಿಮಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ?” ಎಂದಳು. ಎಂದವಳೇ ತನ್ನದನ್ನೂ ತೆಗೆದು ನೋಡಿಕೊಂಡಳು.

ಆದರೆ ಮಜಾ ಇಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಘಟಕದ ದೈಹಿಕ ಪರೀಕ್ಷೆಯ ಕಂಪ್ಯೂಟರು ಸೈನಿಕನ ಮುಖ ನೋಡುವುದಿಲ್ಲ, ಈ ಏಳನೇ ಅಂಕಿಯನ್ನೇ ನೋಡುತ್ತದೆ. ಹೊಸ ಚೀಟಿಯ ಸಂಖ್ಯೆ ತುಂಬಿದ ಗಳಿಗೆಯಲ್ಲೇ ಅದು ತೇಬೆಯನ್ನು ಹೆಂಗಸರ ಪಟ್ಟಿಯಿಂದ ಎತ್ತಿ ಗಂಡಸರ ಪಟ್ಟಿಗೆ ಹಾಕುತ್ತದೆ. ಮೇ ಒಂಬತ್ತಕ್ಕೆ ತುಕಡಿ ನಾಯಕರ ತರಬೇತಿಗೆ ಆಯ್ಕೆಯ ಪರೀಕ್ಷೆ. ಎರಡು ಸಾವಿರದ ನಾನೂರು ಮೀಟರು, ಮೈದಾನದ ಆರು ಸುತ್ತು. ಹೆಂಗಸರಿಗೆ ಹದಿಮೂರು ನಿಮಿಷ, ಗಂಡಸರಿಗೆ ಹನ್ನೊಂದೂವರೆ. ತೇಬೆ ಆ ತರಬೇತಿಗಾಗಿ ನಾಲ್ಕು ವರ್ಷ ಕಾದಿದ್ದ. ಅದು ಸಿಕ್ಕರೆ ಹತ್ತು ಜನರ ಮುಂದೆ ನಿಲ್ಲುವ ಹಕ್ಕು. ಸಿಗದಿದ್ದರೆ ಇನ್ನೊಂದು ಅವಕಾಶ ಮುಂದಿನ ಜನವರಿಯಲ್ಲಿ, ವಯಸ್ಸಿನ ಮಿತಿಯಿಂದ ಅದೇ ಕೊನೆಯದು.

ನಾನು ಬುದ್ಧಿವಂತ ನೋಡು. ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ: “ತೇಬೆ, ನೀನು ಆಪರೇಷನ್ ಆಗಿ ಎದ್ದೋನು. ಹೊಸ ಚೀಟಿ ಬಂದಿದೆ ಅಂತ ಇನ್ನೂ ಆಫೀಸಿಗೆ ಹೇಳಿಲ್ಲ ತಾನೆ? ಜೂನ್‌ವರೆಗೂ ಪೆಟ್ಟಿಗೇಲಿ ಇಟ್ಟಿರು. ಹಳೇ ಅಂಕೀಲಿ ಓಡು, ಹದಿಮೂರು ನಿಮಿಷ ಇದೆ, ನಡ್ಕೊಂಡು ಬಂದ್ರೂ ಪಾಸು. ತರಬೇತಿ ಸೀಟು ಸಿಕ್ಕಿದ ಮೇಲೆ ಚೀಟಿ ಕೊಡು.”

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ, ನಕ್ಕ. “ಎರಡೂವರೆ ವರ್ಷ ಕಾದಿದ್ದು ಪೆಟ್ಟಿಗೇಲಿ ಇಡೋದಕ್ಕಾ ನ್ತಾತೆ? ಗಂಡಸು ಅನ್ನಿಸ್ಕೊಳ್ಳೋದಕ್ಕೆ ಒಳ್ಳೇ ದಿನ ನೋಡ್ಕೊಂಡು ಬರ್ತೀನಿ ಅನ್ನಕ್ಕಾಗುತ್ತಾ?” ಅದೇ ಮಧ್ಯಾಹ್ನ ಆಫೀಸಿಗೆ ಹೋಗಿ ಚೀಟಿ ಕೊಟ್ಟು ಬಂದ.

ಏಪ್ರಿಲ್ ಪೂರ್ತಿ ಓಡಿದ. ನಾನು ದಿನಾ ಸಮಯ ಹಿಡಿದೆ. ಹನ್ನೆರಡು ಹತ್ತರಿಂದ ಶುರುವಾಗಿ, ಹನ್ನೊಂದು ಐವತ್ತು, ಹನ್ನೊಂದು ನಲವತ್ತೆರಡಕ್ಕೆ ಬಂತು. ಆಮೇಲೆ ಅಲ್ಲೇ ಕಚ್ಚಿಕೊಂಡಿತು. ನಿನ್ನ ಕಾಗದ ಬಂದದ್ದೂ ಅದೇ ದಿನಗಳಲ್ಲಿ.

(ಇಲ್ಲಿಗೆ ನಿಲ್ಲಿಸಿ ಎರಡು ದಿನವಾಯಿತು. ಪಾಳ್ಯದ ಗೋದಾಮಿನಲ್ಲಿ ಕೆಲಸ ಜಾಸ್ತಿ. ಗೋದಾಮು ಯಾಕೆ ಎಂದು ಕೇಳುತ್ತೀಯ, ಅದಕ್ಕೂ ಬರುತ್ತೇನೆ.)

ಮೇ ಒಂಬತ್ತರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಹತ್ತೊಂಬತ್ತು ಜನ ಓಟಕ್ಕೆ ನಿಂತಿದ್ದರು. ಪದ್ಧತಿ ನಿನಗೆ ಗೊತ್ತಿರುವುದೇ: ನಾನು ಗೆರೆಯ ಹತ್ತಿರ ವಾಚು ಹಿಡಿದು ನಿಲ್ಲುತ್ತೇನೆ, ಒಬ್ಬೊಬ್ಬರು ದಾಟಿದಾಗ ಎದೆಯ ಸಂಖ್ಯೆಯನ್ನೂ ಸಮಯವನ್ನೂ ಕೂಗುತ್ತೇನೆ, ಗುಮಾಸ್ತ ತಲೆ ಬಗ್ಗಿಸಿ ಅವರವರ ಹೆಸರಿನ ಮುಂದೆ ಬರೆಯುತ್ತಾನೆ. ಓಡುವವರ ಕೈಯಲ್ಲಿ ವಾಚು ಇರುವಂತಿಲ್ಲ.

ತೇಬೆ ಚೆನ್ನಾಗಿ ಶುರುಮಾಡಿದ. ಮೂರನೇ ಸುತ್ತಿನಲ್ಲಿ ಬಾಯಿ ತೆರೆದುಕೊಂಡಿತು. ಐದನೇ ಸುತ್ತು ಮುಗಿಸಿ ನನ್ನ ಮುಂದೆ ಹಾದಾಗ ವಾಚು ನೋಡಿದೆ: ಒಂಬತ್ತು ನಲವತ್ತೊಂದು. ವಿಚಿತ್ರ ನೋಡು, ನಿನ್ನ ಗೋಡೆಯ ಮೇಲಿನ ಅದೇ ಅಂಕಿ. ಉಳಿದ ಒಂದು ಸುತ್ತನ್ನು ಒಂದು ನಿಮಿಷ ನಲವತ್ತೊಂಬತ್ತರಲ್ಲಿ ಓಡಿದರೆ ಪಾಸು. ಅವನ ಕಾಲು ನೋಡಿದರೆ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಸಾವಿರಾರು ಕಾಲು ನೋಡಿದ್ದೇನೆ. ಆಗಲೇ, ಆ ಕೊನೆಯ ಸುತ್ತು ಅವನು ಓಡುತ್ತಿರುವಾಗಲೇ, ಹನ್ನೊಂದು ಇಪ್ಪತ್ತೆಂಟು ಎನ್ನುವ ಮಾತು ನನ್ನ ಬಾಯಲ್ಲಿ ತಯಾರಾಗಿ ಕೂತಿತ್ತು. ಇಷ್ಟು ಕಷ್ಟಪಟ್ಟಿದ್ದಾನೆ, ಹೋಗಲಿ ಪಾಪ, ಎರಡು ಸೆಕೆಂಡು ಒಳಗೇ ಬರಲಿ ಎಂದುಕೊಂಡೆ. ಅವನು ಗೆರೆ ದಾಟಿದ. ವಾಚಿನಲ್ಲಿ ಹನ್ನೊಂದು ಮೂವತ್ತೇಳು. ನಾನು ಗಟ್ಟಿಯಾಗಿ ಕೂಗಿದೆ, “ಹದಿನಾಲ್ಕು! ಹನ್ನೊಂದು ಇಪ್ಪತ್ತೆಂಟು!”

ನನ್ನ ಇಡೀ ಗಮನ ತೇಬೆಯ ಮೇಲಿತ್ತಲ್ಲ, ಅವನಿಗಿಂತ ಹತ್ತು ಹೆಜ್ಜೆ ಮುಂದೆ ಸಿಬೆಕೊ ಎಂಬ ಇನ್ನೊಬ್ಬ ಓಡುತ್ತಿದ್ದ. ಅವನು ದಾಟಿದಾಗ ಅಭ್ಯಾಸಬಲದಿಂದ ಇದ್ದದ್ದನ್ನು ಇದ್ದ ಹಾಗೆ ಕೂಗಿದ್ದೆ: ಹನ್ನೊಂದು ಮೂವತ್ತನಾಲ್ಕು. ಅಂದರೆ ಮುಂದೆ ಬಂದವನು ಫೇಲು, ಹಿಂದೆ ಬಂದವನು ಪಾಸು! ಇಪ್ಪತ್ತೈದು ವರ್ಷ ವಾಚು ಹಿಡಿದ ಮನುಷ್ಯ ನಾನು. ಸುಳ್ಳು ಹೇಳುವುದಕ್ಕೂ ಒಂದು ಅಚ್ಚುಕಟ್ಟು ಬೇಡವಾ?

ಮಧ್ಯಾಹ್ನ ಫಲಿತಾಂಶ ಅಂಟಿಸಿದರು. ನಾನು ಚಹಾ ಕುಡಿಯುತ್ತಾ ಕರಿದ ಹಿಟ್ಟಿನ ಉಂಡೆ, ಮಖ್ವಿನ್ಯ ತಿನ್ನುತ್ತಿದ್ದೆ, ಎಣ್ಣೆ ಕೈ. ಸಿಬೆಕೊ ಬಂದು ಸೆಲ್ಯೂಟ್ ಹೊಡೆದು ನಿಂತ. ದೊಡ್ಡ ಬಾಯಿಯ ಹುಡುಗ, ಯಾವಾಗಲೂ ನಗಿಸುತ್ತಿರುತ್ತಾನೆ, ಅವತ್ತು ನಗಿಸುವ ಮುಖ ಇರಲಿಲ್ಲ.

“ಸಾರ್ಜೆಂಟ್ ಮೇಜರ್, ಒಂದು ಮಾತು ಕೇಳ್ಲಾ?”

“ಕೇಳಪ್ಪ.”

“ಕೊನೇಲಿ ನಾನೇನು ಹಿಂದಕ್ಕೆ ಓಡಿದ್ನಾ?”

ಮಖ್ವಿನ್ಯ ತಟ್ಟೆಗೆ ಇಟ್ಟೆ. ಅವನು ಮುಂದುವರಿಸಿದ: “ನನಗೆ ತೇಬೆ ಮೇಲೆ ಸಿಟ್ಟಿಲ್ಲ. ನನ್ನ ಬೆನ್ನ ಹಿಂದೆ ಅವನ ಏದುಸಿರು ಕೇಳಿಸ್ತಿತ್ತು. ಅಷ್ಟೇ ಹೇಳಕ್ಕೆ ಬಂದೆ.” “ನೋಡ್ತೀನಿ ಹೋಗು” ಎಂದು ಕಳಿಸಿದೆ. ಹೇಡಿ.

ಅಷ್ಟು ಹೊತ್ತಿಗಾಗಲೇ ಬ್ಯಾರಕ್ಕಿನಲ್ಲಿ ಶುರುವಾಗಿತ್ತು. “ತೇಬೆಗೆ ಇನ್ನೂ ಹೆಂಗಸರ ವಾಚೇ ನಡೀತಿದೆ ಕಣ್ರೋ” ಎಂದು ಒಬ್ಬ. “ಚೀಟಿ ಬದಲಾಯ್ತು, ಗಡಿಯಾರ ಬದಲಾಗಿಲ್ಲ” ಎಂದು ಇನ್ನೊಬ್ಬ. ಏಳು ವರ್ಷ ಇವನ ಜೊತೆ ಒಂದೇ ತಟ್ಟೆಯಲ್ಲಿ ತಿಂದವರು, ಇವನನ್ನು ಅಣ್ಣತಮ್ಮನ ಹಾಗೆ ಒಪ್ಪಿಕೊಂಡಿದ್ದವರು. ಅವರ ಬಾಯಿಗೆ ಆ ಮಾತು ಕೊಟ್ಟವನು ನಾನು ಸೆಲ್ವಾನೆ, ಬೇರೆ ಯಾರೂ ಅಲ್ಲ.

ಸಂಜೆ ತೇಬೆ ಬಂದ. ಬಾಗಿಲು ಹಾಕಿ ನಿಂತ. ನ್ತಾತೆ ಎನ್ನಲಿಲ್ಲ.

“ಸಾರ್ಜೆಂಟ್ ಮೇಜರ್, ನಾನು ಎಷ್ಟರಲ್ಲಿ ಓಡಿದೆ?”

“ಹಾಳೇಲಿ ಇದೆಯಲ್ಲ.”

“ಹಾಳೇಲಿ ಇರೋದಲ್ಲ. ವಾಚಲ್ಲಿ ಇದ್ದಿದ್ದು.”

ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ, ಹಗ್ಗದ ಸುರುಳಿ ನೋಡಿದೆ. ಅವನು ಹೋಗಲಿಲ್ಲ. ಕೊನೆಗೆ ಹೇಳಿದೆ, “ಹನ್ನೊಂದು ಮೂವತ್ತೇಳು.”

ಅವನು ಬೆಂಚಿನ ಮೇಲೆ ಕೂತ. ಆಮೇಲೆ ಕೂಗಾಡಲಿಲ್ಲ, ಮೆತ್ತಗೆ ಕೇಳಿದ. ಅದೇ ನನಗೆ ಜಾಸ್ತಿ ನಾಟಿತು. “ನಾನು ಹೆಂಗಸರ ಪಟ್ಟೀಲಿ ಮೊದಲು ಬರ್ತಿದ್ದಾಗ ನನ್ನ ಓಟಕ್ಕೆ ಯಾರೂ ಏನೂ ಸೇರಿಸ್ಲಿಲ್ಲ, ಕಳೀಲಿಲ್ಲ. ಗಂಡಸರ ಪಟ್ಟೀಲಿ ಮೊದಲ್ನೇ ಸಲ ಓಡಿದೆ, ಅದೇ ದಿನ ನೀವು ಕಳೆದ್ರಿ. ಯಾಕೆ?”

“ನಿನಗೆ ಸೀಟು ಸಿಗ್ಲಿ ಅಂತ ಮಗನೇ.”

“ಸಿಬೆಕೊಗೆ ಸಿಗ್ಲಿ ಅಂತ ಯಾಕೆ ಅನ್ನಿಸ್ಲಿಲ್ಲ? ಅವನ ಅಮ್ಮನಿಗೆ ಹುಷಾರಿಲ್ಲ, ಅವನೂ ರಜೆ ಮುಗಿಸ್ಕೊಂಡು ಬಂದು ಮೂರೇ ವಾರ ಆಗಿತ್ತು. ಅವನ ಕೈಲಾಗದೇ ಇದ್ರೆ ಇನ್ನೊಂದು ಸಲ ಓಡ್ತಾನೆ ಅಂತ ನಿಮಗೆ ನಂಬಿಕೆ. ನನ್ನ ಮೇಲೆ ಮಾತ್ರ ಆ ನಂಬಿಕೆ ಇಲ್ಲ.”

ನಾನು ಏನೇನೋ ಹೇಳಿದೆ. ಪ್ರೀತಿಯಿಂದ ಮಾಡಿದ್ದು, ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಎಂದೆಲ್ಲ. ಅವನು ಕೇಳಿಸಿಕೊಂಡ. ಆಮೇಲೆ, “ನೀವು ನನಗೆ ಒಂಬತ್ತು ಸೆಕೆಂಡು ಕೊಡ್ಲಿಲ್ಲ ನ್ತಾತೆ, ನನ್ನ ಹನ್ನೊಂದು ಮೂವತ್ತೇಳನ್ನ ತಗೊಂಡ್ರಿ. ಅದು ನಾನು ಗಂಡಸಾಗಿ ಓಡಿದ ಮೊದಲ್ನೇ ಸಮಯ. ಫೇಲೇ ಆಗಿರ್ಲಿ, ಅದು ನಂದು. ವಾಪಸ್ ಕೊಡಿ” ಎಂದ.

ಆ ರಾತ್ರಿ ಮಾಲೆಫುವಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತಟ್ಟೆ ತೊಳೆಯುತ್ತಲೇ, “ನನ್ನ ಅಡುಗೆ ಉಪ್ಪಾದ್ರೂ ಚೆನ್ನಾಗಿದೆ ಅಂತೀರಲ್ಲ, ಅದೂ ಹಿಂಗೇನಾ?” ಎಂದಳು. ಆವತ್ತಿನಿಂದ ಏನು ಬಡಿಸಿದರೂ ನನ್ನ ಮುಖ ನೋಡುತ್ತಾಳೆ.

ಮರುದಿನ ಬೆಳಿಗ್ಗೆ ನಾನೇ ಕ್ಯಾಪ್ಟನ್ ದು ಪ್ರೀಸ್ ಅವರ ಕೋಣೆಗೆ ಹೋಗಿ ಹೇಳಿದೆ. ಆ ಹೆಂಗಸು ಚಿಕ್ಕ ವಯಸ್ಸಿನವರು, ನನ್ನ ಮಗಳ ಪ್ರಾಯ. ಪೂರ್ತಿ ಕೇಳಿ, “ಸಾರ್ಜೆಂಟ್ ಮೇಜರ್, ಹಿಂದೆ ಎಷ್ಟು ಸಲ ಹೀಗೆ ಮಾಡಿದ್ದೀರ?” ಎಂದು ಕೇಳಿದರು. ನಾನು ಬಾಯಿ ತೆರೆದೆ, ಏನೂ ಹೇಳಲಿಲ್ಲ. ಅವರು ಎರಡನೇ ಸಲ ಕೇಳಲಿಲ್ಲ. ವಾಚನ್ನು ಮೇಜಿನ ಮೇಲಿಡಿ ಎಂದರು. ಇಟ್ಟೆ. ಲಿಖಿತ ಎಚ್ಚರಿಕೆ ಕೊಟ್ಟು, ಆರು ತಿಂಗಳು ಗೋದಾಮಿಗೆ ಹಾಕಿದ್ದಾರೆ. ಚಾಪೆ, ಹಗ್ಗ, ಚರ್ಮದ ಚೆಂಡು ಇವುಗಳ ಧೂಳು ಹೊಡೆಯುತ್ತಿದ್ದೇನೆ. ತೇಬೆ ಮತ್ತು ಸಿಬೆಕೊ ಇಬ್ಬರಿಗೂ ಹದಿನಾಲ್ಕು ದಿನ ಬಿಟ್ಟು ಮರುಓಟ ಎಂದು ಬರೆದರು. ವಾಚು ಹಿಡಿಯಲು ಇನ್ನೊಂದು ಘಟಕದಿಂದ ಮುಖಪರಿಚಯವೇ ಇಲ್ಲದ ಒಬ್ಬ ಸಾರ್ಜೆಂಟನನ್ನು ಕರೆಸಿದರು.

ಆ ಹದಿನಾಲ್ಕು ದಿನ ಇಬ್ಬರೂ ಒಟ್ಟಿಗೆ ಓಡಿದರು. ಗೋದಾಮಿನ ಕಿಟಕಿಯಿಂದ ನೋಡುತ್ತಿದ್ದೆ. ಸಿಬೆಕೊ ಹಾಡು ಹೇಳಿಕೊಂಡು ಮುಂದೆ, ತೇಬೆ ಅವನ ಹೆಜ್ಜೆಗೆ ಹೆಜ್ಜೆ ಸೇರಿಸುತ್ತಾ ಹಿಂದೆ. ಹೆಂಗಸರ ವಾಚು ಎಂದು ಆಡಿಕೊಂಡಿದ್ದವರಲ್ಲಿ ನಾಲ್ಕು ಜನ ಮೂರನೇ ದಿನದಿಂದ ತಾವೂ ಸೇರಿಕೊಂಡರು. ನಾನು ಯಾರಿಗೂ ಏನೂ ಹೇಳಿಕೊಡಲಿಲ್ಲ. ಕಿಟಕಿಯಿಂದ ಕೂಗಿ ಹೇಳಬೇಕು ಎಂದು ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ.

ಮೇ ಇಪ್ಪತ್ನಾಲ್ಕರಂದು ಮರುಓಟ ಆಯಿತು. ನಾನು ಬೇಲಿಯ ಹೊರಗೆ ನಿಂತಿದ್ದೆ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು. ಈ ಸಲ ಮೂರನೇ ಸುತ್ತಿನಲ್ಲಿ ತೇಬೆಯ ಬಾಯಿ ತೆರೆಯಲಿಲ್ಲ. ಐದನೇ ಸುತ್ತಿನಲ್ಲಿ ಸಿಬೆಕೊ ತಿರುಗಿ, “ಬಾರೋ, ಬಾರೋ, ಅಜ್ಜಿ ಬಟ್ಟೆ ಒಗೆಯೋಕೆ ಕರೀತಿದ್ದಾಳೆ!” ಎಂದು ಕೂಗಿದ. ತೇಬೆ ನಗುತ್ತಲೇ ಓಡಿದ. ಸಿಬೆಕೊ ದಾಟಿದ, ಆ ಸಾರ್ಜೆಂಟ್ ಯಾವ ರಾಗವೂ ಇಲ್ಲದ ದನಿಯಲ್ಲಿ ಓದಿದ: ಹನ್ನೊಂದು ಇಪ್ಪತ್ತಾರು. ತೇಬೆ ದಾಟಿದ.

ಹನ್ನೊಂದು ಮೂವತ್ತೊಂದು.

ಒಂದು ಸೆಕೆಂಡು, ಸೆಲ್ವಾನೆ! ಆ ವಾಚು ನನ್ನ ಕೈಯಲ್ಲಿ ಇದ್ದಿದ್ದರೆ ಎಂದು ಆಗಲೂ, ಅಷ್ಟೆಲ್ಲಾ ಆದ ಮೇಲೂ, ನನ್ನ ಹೆಬ್ಬೆರಳು ಜೇಬಿನಲ್ಲಿ ಅದುಮಿಕೊಂಡಿತ್ತು. ನಿಜ ಹೇಳುತ್ತಿದ್ದೇನೆ.

ಸೀಟು ಸಿಬೆಕೊಗೆ ಹೋಯಿತು. ತೇಬೆ ಸ್ವಲ್ಪ ಹೊತ್ತು ನೆಲ ನೋಡುತ್ತಾ ಬಗ್ಗಿ ನಿಂತಿದ್ದ. ಆಮೇಲೆ ಬೇಲಿಯ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು, ಬೆವರೋ ಏನೋ, ನಾನು ಕೇಳಲಿಲ್ಲ.

“ಕೇಳಿಸ್ತಾ ನ್ತಾತೆ?”

“ಕೇಳಿಸ್ತು ಮಗನೇ. ಒಂದೇ ಒಂದು ಸೆಕೆಂಡು.”

“ಆರು ಸೆಕೆಂಡು ಇಳಿಸಿದೀನಿ ಹದಿನಾಲ್ಕು ದಿನದಲ್ಲಿ,” ಎಂದ. “ಅದು ಗೊತ್ತಾಗಿದ್ದು ಮೊದಲ್ನೇದು ಮೂವತ್ತೇಳು ಅಂತ ಗೊತ್ತಿದ್ದಿದ್ದಕ್ಕೆ. ಜನವರಿಗೆ ಇನ್ನೂ ಎಂಟು ತಿಂಗಳಿದೆ. ನೀವು ಗೋದಾಮಿಂದ ಹೊರಗೆ ಬಂದಿರ್ತೀರಾ?”

“ನವೆಂಬರಿಗೆ ಬಿಡ್ತಾರೆ.”

“ಬನ್ನಿ ಹಂಗಾದ್ರೆ. ವಾಚು ಮಾತ್ರ ಮುಟ್ಟಬೇಡಿ.” ಎಂದು ಹೇಳಿ, ಬೇಲಿಯ ಸಂದಿಯಿಂದ ನನ್ನ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದು ಹೋದ. ಅಷ್ಟು ಸಲಿಗೆ ಮತ್ತೆ ಕೊಟ್ಟನಲ್ಲ, ನನಗೆ ಅಳು ಬಂತು.

ಈಗ ದಿನಾ ಬೆಳಿಗ್ಗೆ ಓಡುತ್ತಾನೆ. ತನ್ನ ಪೆಟ್ಟಿಗೆಯ ಮುಚ್ಚಳದ ಒಳಗೆ ಎರಡು ಸಂಖ್ಯೆ ಬರೆದುಕೊಂಡಿದ್ದಾನೆ, ೧೧:೩೭ ಮತ್ತು ೧೧:೩೧. ಸೋತ ಎರಡು ಅಂಕಿಗಳನ್ನು ಯಾರಾದರೂ ಹೀಗೆ ಬರೆದುಕೊಳ್ಳುತ್ತಾರಾ ಎಂದು ಮೊದಲು ಆಶ್ಚರ್ಯಪಟ್ಟೆ. ಗೋದಾಮಿನಲ್ಲಿ ಕೂತು ಅದನ್ನೇ ಯೋಚಿಸುತ್ತಿರುತ್ತೇನೆ. ಎಷ್ಟು ವರ್ಷ ನಾನು ಗೆರೆಯ ಹತ್ತಿರ ನಿಂತು ಜನರ ಕಾಲು ನೋಡಿದೆ, ಉಸಿರು ನೋಡಿದೆ, ಎಷ್ಟೊಂದು ಪ್ರಶ್ನೆ ಕೇಳಿದೆ. ಓಡಿದವನಿಗೆ ಆ ಅಂಕಿ ಏನು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಇಷ್ಟು ವಿಷಯ. ನಿನ್ನ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು. ಅವರ ಕಾಲುಗಳಿಗೆ ಬಲ ಬರಲಿ, ಚಳಿಯಲ್ಲಿ ಕೆಮ್ಮು ಬಾರದಿರಲಿ. ನಿನ್ನ ಮಂಡಿ ಬೇಗ ವಾಸಿಯಾಗಲಿ. ಮಾಲೆಫು ನಿನಗೆ ಒಂದು ಡಬ್ಬಿ ಪೀಚ್ ಉಪ್ಪಿನಕಾಯಿ ಕಳಿಸಿದ್ದಾಳೆ. ಉಪ್ಪು ಜಾಸ್ತಿಯಾಗಿದೆ, ನಾನು ಅವಳಿಗೆ ಹೇಳಿಯೂ ಬಿಟ್ಟಿದ್ದೇನೆ.

ನಿನ್ನ ಹಳೆಯ ಸಂಗಾತಿ,
ತೆಫೊ

ತಾ.ಕ.: ನಿನ್ನ ಸ್ಟಾಪ್‌ವಾಚ್ ಕೆಟ್ಟಿಲ್ಲ ಸೆಲ್ವಾನೆ. ಹೊಸದು ಕಳಿಸುತ್ತಿಲ್ಲ.

೧೯೯೮ರ ಆಗಸ್ಟಿನ ಆ ಬೆಳಿಗ್ಗೆ ನೆನಪಿದೆಯಲ್ಲ, ನಮ್ಮ ಬೋಧಕರ ತರಬೇತಿಯ ಕೊನೆಯ ಓಟ. ಮೂವರು ಹೆಂಗಸರಲ್ಲಿ ಇಬ್ಬರು ಆಗಲೇ ಮನೆಗೆ ಹೋಗಿದ್ದರು. ನಿನಗೆ ಮೂರು ದಿನದ ಜ್ವರ. ಎರಡು ಸಾವಿರ ಮೀಟರಿಗೆ ಹೆಂಗಸರ ಗಡುವು ಒಂಬತ್ತು ನಲವತ್ತೈದು. ಗಂಡಸರೆಲ್ಲ ಬೇಲಿ ಹತ್ತಿ ಕೂತು ನೀನು ಬೀಳುವುದನ್ನೇ ಕಾಯುತ್ತಿದ್ದರು. ವಾಚು ಹಿಡಿಯುವ ಸರದಿ ಅವತ್ತು ನನ್ನದು. ನೀನು ಗೆರೆ ದಾಟಿದಾಗ ಅದರಲ್ಲಿ ಇದ್ದದ್ದು ಒಂಬತ್ತು ಐವತ್ತೆರಡು. ನಾನು ಕೂಗಿದ್ದು ಒಂಬತ್ತು ನಲವತ್ತೊಂದು. ನೀನು ನನ್ನ ಕುತ್ತಿಗೆಗೆ ಜೋತುಬಿದ್ದು ನಕ್ಕೆ. ಇಪ್ಪತ್ತೈದು ವರ್ಷ ಆ ಅಂಕಿಯನ್ನು ನೀನು ಹೇಳಿದಾಗಲೆಲ್ಲ ನಾನೂ ಪಕ್ಕದಲ್ಲಿ ನಿಂತು ನಗುತ್ತಾ ಬಂದೆ. ಇನ್ನೊಂದು ಸಲ ಓಡಿದ್ದರೆ ನೀನು ಗೆಲ್ಲುತ್ತಿದ್ದೆ. ನಿನ್ನನ್ನು ಕೇಳಲೇ ಇಲ್ಲ ನಾನು. ಆಮೇಲೆ ಹದಿನಾರು ವರ್ಷ ಸೈನ್ಯದಲ್ಲಿ ನೀನು ಮಾಡಿದ ಕೆಲಸವೆಲ್ಲ ನಿನ್ನದೇ, ಅದರಲ್ಲಿ ನನ್ನ ಕೈ ಇಲ್ಲ. ಗೋಡೆಯ ಮೇಲಿನ ಆ ಅಂಕಿ ಮಾತ್ರ ನನ್ನದು.

ಮೊಸಿಡಿ ಒಂಬತ್ತು ನಲವತ್ತನಾಲ್ಕರಲ್ಲಿ ಓಡಿದಳು. ನಿನಗಿಂತ ಎಂಟು ಸೆಕೆಂಡು ಮುಂದೆ. ಇವತ್ತೇ ಅವಳ ಮನೆಗೆ ಹೋಗು, ಬೂಟು ತೆಗೆದುಕೊಂಡು ಹೋಗು. ಮೊದಲು ಆ ಹುಡುಗಿಗೆ ಹೇಳು, ನನ್ನನ್ನು ಬೈಯುವುದು ಆಮೇಲೆ.